ಕಾರ್ ಸೀಟಿನ ಬೆಲ್ಟ್ ಒಂದು ಕಡೆ ಮಾತ್ರ ಸಡಿಲ ಆಗುತ್ತಿದೆ, ಎಲ್ಲಿ ತಪ್ಪಾಗಿದೆ?

ಚಿನ್ನುವಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನಿಗೆ ಈಗ 3 ವರ್ಷ 2 ತಿಂಗಳು, 15 ಕಿಲೋ ಇದ್ದಾನೆ. ಮಕ್ಕಳನ್ನು ಕೂರಿಸಿ ಕಟ್ಟುವ ಕಾರ್ ಸೀಟು, ಮೊದಲಿನಿಂದ ಒಂದನ್ನೇ ಬಳಸುತ್ತಿದ್ದೇವೆ. ಹಿಮ್ಮುಖ (ಮಗುವಿನ ಮುಖ ಕಾರಿನ ಹಿಂದಕ್ಕೆ), ಮುಮ್ಮುಖ ಎರಡೂ ರೀತಿ ಕೂರಿಸಬಹುದಾದ ಸೀಟು. ಹಿಮ್ಮುಖದಲ್ಲಿ ಅವನ ತಲೆ ಸೀಟಿನ ಮೇಲಂಚಿನ ಹತ್ತಿರ ಬಂದುಬಿಟ್ಟಿತು, ಮ್ಯಾನ್ಯುಯಲ್‌ನಲ್ಲಿ ಹೇಳಿದ ಮಿತಿ ಮುಗಿಯಿತು. ಹಾಗಾಗಿ ಆರು ವಾರದ ಹಿಂದೆ ಸೀಟನ್ನು ಮುಂದಕ್ಕೆ ತಿರುಗಿಸಿದೆವು.

ಅವತ್ತಿನಿಂದ ನೆಮ್ಮದಿ ಇಲ್ಲ. ಹೊರಡುವಾಗ ಬೆಲ್ಟ್ ಬಿಗಿ ಮಾಡಿರುತ್ತೇನೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಬಲಗೈ ಬೆಲ್ಟಿನಿಂದ ಹೊರಗೆ ಬಂದಿರುತ್ತದೆ. ಎದೆಯ ಕ್ಲಿಪ್ ಜಾರಿ ಹೊಟ್ಟೆಯ ಹತ್ತಿರ ಇರುತ್ತದೆ. ಎಡಗಡೆ ಬಿಗಿಯಾಗಿಯೇ ಇದೆ, ಬಲಗಡೆ ಮಾತ್ರ ಸಡಿಲ. ಇನ್ನೂ ಎಳೆದರೆ ಎಡಗಡೆ ಒತ್ತುತ್ತದೆ, ಅಳುತ್ತಾನೆ. ಕ್ಲಿಪ್ ಸರಿಯಾಗಿ ಎಲ್ಲಿರಬೇಕು? ಅದು ಜಾರದ ಹಾಗೆ ಹಿಡಿದಿಡಲು ಬೇರೆ ಏನಾದರೂ ಸಿಗುತ್ತದಾ? ಅನುಭವ ಇದ್ದವರು ಹೇಳಿ.

ಅವಳಿಗಳ ಅಪ್ಪ

ಕ್ಲಿಪ್ ಕಂಕುಳಿನ ಮಟ್ಟಕ್ಕೆ ಇರಬೇಕು. ಹೊಟ್ಟೆಯ ಮೇಲೂ ಬೇಡ, ಕತ್ತಿನ ಹತ್ತಿರವೂ ಬೇಡ. ಆದರೆ ದಯವಿಟ್ಟು ಕ್ಲಿಪ್ಪಿಗೆ ಹಾಕುವ ಲಾಕು, ಹೆಗಲಿಗೆ ಸುತ್ತುವ ದಿಂಬು ಅಂತ ಹೊರಗಿನಿಂದ ಏನೂ ತರಬೇಡಿ. ಸೀಟಿನ ಜೊತೆ ಬರದ ಯಾವ ವಸ್ತುವನ್ನೂ ಆ ಸೀಟಿನ ಜೊತೆ ಪರೀಕ್ಷೆ ಮಾಡಿರುವುದಿಲ್ಲ. ಕ್ಲಿಪ್ ಜಾರುತ್ತಿದೆ ಅಂದರೆ ತೊಂದರೆ ಕ್ಲಿಪ್ಪಿನದಲ್ಲ, ಬೆಲ್ಟಿನದು.

ಸೀಟ್ ನೋಡುವವಳು

ಅವಳಿಗಳ ಅಪ್ಪ ಹೇಳಿದ್ದು ಸರಿ. ನಾನು ಮಕ್ಕಳ ಸೀಟು ಕೂರಿಸುವ ತರಬೇತಿ ಪಡೆದು, ಬಿಡುವಿದ್ದಾಗ ಹೊಸ ತಂದೆತಾಯಿಗಳಿಗೆ ಸಹಾಯ ಮಾಡುತ್ತೇನೆ. ನನ್ನ ಅನುಭವದಲ್ಲಿ ಕ್ಲಿಪ್ ಜಾರುತ್ತದೆ ಅಂತ ಬಂದವರಲ್ಲಿ ಹೆಚ್ಚಿನವರ ಸೀಟಿನಲ್ಲಿ ಬೆಲ್ಟ್ ಸಡಿಲ ಇರುತ್ತದೆ. ಕ್ಲಿಪ್ಪಿನ ಕೆಲಸ ಮಗುವನ್ನು ಹಿಡಿದಿಡುವುದಲ್ಲ. ಎರಡು ಬೆಲ್ಟುಗಳು ಹೆಗಲಿನ ಮೇಲೆ ಸರಿಯಾದ ಜಾಗದಲ್ಲಿ ಇರುವ ಹಾಗೆ ನೋಡಿಕೊಳ್ಳುವುದಷ್ಟೇ. ಹಿಡಿಯುವ ಕೆಲಸ ಬೆಲ್ಟ್ ಮತ್ತು ಕೆಳಗಿನ ಬಕಲ್‌ನದು.

ಚಿನ್ನುವಿನ ಅಮ್ಮ, ನೀವು ಬೆಲ್ಟ್ ಹೇಗೆ ಬಿಗಿ ಮಾಡುತ್ತೀರಿ? ಬಹಳ ಜನ ಬಕಲ್ ಹಾಕಿದ ತಕ್ಷಣ ಮುಂದಿನ ಪಟ್ಟಿಯನ್ನು ಎಳೆಯುತ್ತಾರೆ. ಆಗ ಹೆಗಲ ಹತ್ತಿರ ಬಿಗಿ ಕಾಣುತ್ತದೆ, ಆದರೆ ಸೊಂಟದ ಹತ್ತಿರ ಸಡಿಲ ಹಾಗೇ ಉಳಿಯುತ್ತದೆ. ಮಗು ನಾಲ್ಕು ಸಲ ಅಲುಗಾಡಿದರೆ ಆ ಸಡಿಲ ಮೇಲಕ್ಕೆ ಬರುತ್ತದೆ. ಹಾಗಾಗಿ ಮೊದಲು ಮಗುವಿನ ಬೆನ್ನು ಮತ್ತು ಪೃಷ್ಠ ಸೀಟಿಗೆ ಪೂರ್ತಿ ಒರಗಿರಬೇಕು. ಬಕಲ್ ಹಾಕಿ, ಕ್ಲಿಪ್ ಸೇರಿಸಿ, ಅದು ಇನ್ನೂ ಕೆಳಗೇ ಇರಲಿ. ಆಮೇಲೆ ಸೊಂಟದ ಎರಡೂ ಪಕ್ಕದ ಬೆಲ್ಟನ್ನು ಮೇಲಕ್ಕೆ ಎಳೆದು ಸಡಿಲವನ್ನೆಲ್ಲ ಎದೆಯ ಹತ್ತಿರ ತನ್ನಿ. ಈಗ ಮುಂದಿನ ಪಟ್ಟಿ ಎಳೆಯಿರಿ. ಕೊನೆಗೆ ಕ್ಲಿಪ್ಪನ್ನು ಕಂಕುಳಿನ ಮಟ್ಟಕ್ಕೆ ಏರಿಸಿ.

ಬಿಗಿ ಸಾಕೋ ಇಲ್ಲವೋ ನೋಡಲು ಚಿವುಟಿ ನೋಡಬೇಕು. ಕತ್ತಿನ ಕೆಳಗೆ ಅಡ್ಡಕ್ಕೆ ಇರುವ ಎಲುಬು ಇದೆಯಲ್ಲ, ಕಾಲರ್ ಬೋನ್, ಅಲ್ಲಿ ಬೆಲ್ಟಿನ ಮೇಲೆ ಎರಡು ಬೆರಳನ್ನು ಒಂದರ ಮೇಲೊಂದು ಇಟ್ಟು ಚಿವುಟಿ. ಬೆಲ್ಟ್ ಮಡಿಕೆಯಾಗಿ ಕೈಗೆ ಸಿಕ್ಕಿದರೆ ಇನ್ನೂ ಸಡಿಲ. ಬೆರಳು ಜಾರಿಹೋದರೆ ಸರಿ. ಬೆಲ್ಟಿನ ಕೆಳಗೆ ಬೆರಳು ತೂರಿಸಿ ನೋಡುವ ಅಭ್ಯಾಸ ಬಿಡಿ. ನನ್ನ ಬೆರಳು ಬೇರೆ, ನಿಮ್ಮ ಯಜಮಾನರ ಬೆರಳು ಬೇರೆ, ಅದರಲ್ಲಿ ಅಳತೆ ನಿಲ್ಲುವುದಿಲ್ಲ.

ಇನ್ನೂ ಮುಖ್ಯವಾದ ಪ್ರಶ್ನೆ. ಹೆಗಲ ಬೆಲ್ಟುಗಳು ಸೀಟಿನ ಬೆನ್ನಿನಲ್ಲಿ ಯಾವ ಕಿಂಡಿಯಿಂದ ಹೊರಗೆ ಬರುತ್ತಿವೆ? ಅವನ ಹೆಗಲಿಗಿಂತ ಮೇಲೋ ಕೆಳಗೋ? ಸೀಟು ತಿರುಗಿಸಿದಾಗ ಅದನ್ನು ಬದಲಾಯಿಸಿದಿರಾ? ಸೀಟಿನ ಹಿಂದಿನ ಮೇಲ್ಭಾಗದ ಟೆದರ್ ಪಟ್ಟಿಯನ್ನು ಕಾರಿನ ಕೊಕ್ಕೆಗೆ ಹಾಕಿದ್ದೀರಾ?

ಚಿನ್ನುವಿನ ಅಮ್ಮ

ಟೆದರ್ ಹಾಕಿದ್ದೇನೆ, ಸೀಟು ಕದಲುವುದಿಲ್ಲ.

ಆದರೆ ಕಿಂಡಿ ಬದಲಾಯಿಸಬೇಕು ಅಂತ ನನಗೆ ಗೊತ್ತೇ ಇರಲಿಲ್ಲ ಮೇಡಂ. ಈಗಷ್ಟೇ ಅವನನ್ನು ಕೂರಿಸಿ ನೋಡಿ ಬಂದೆ. ಬೆಲ್ಟ್ ಹೊರಬರುವ ಜಾಗ ಅವನ ಹೆಗಲಿಗಿಂತ ಎರಡು ಬೆರಳು ಕೆಳಗಿದೆ. ಹಿಮ್ಮುಖದಲ್ಲಿ ಇದ್ದಾಗ ಹೇಗಿತ್ತೋ ಹಾಗೇ ಬಿಟ್ಟಿದ್ದೇನೆ. ಆರು ವಾರ ಅವನನ್ನು ಹಾಗೇ ಕೂರಿಸಿಕೊಂಡು ಓಡಾಡಿದ್ದೇವೆ. ಕೈಕಾಲು ತಣ್ಣಗಾಗಿದೆ.

ಹಿಮ್ಮುಖದಲ್ಲಿ ಕೆಳಗೆ ಇರಬೇಕು, ಮುಮ್ಮುಖದಲ್ಲಿ ಮೇಲೆ ಇರಬೇಕು ಅಂತಾನಾ? ಯಾಕೆ ಹಾಗೆ?

ಸೀಟ್ ನೋಡುವವಳು

ಮೊದಲು ಸ್ವಲ್ಪ ನೀರು ಕುಡಿಯಿರಿ. ನಾನು ನೋಡಿದ ಸೀಟುಗಳಲ್ಲಿ ಇದು ತುಂಬಾ ಸಾಮಾನ್ಯವಾದ ತಪ್ಪು. ತಿರುಗಿಸುವ ದಿನ ಎಲ್ಲರ ಗಮನವೂ ಸೀಟನ್ನು ಕಾರಿಗೆ ಕಟ್ಟುವುದರ ಮೇಲೆ ಇರುತ್ತದೆ, ಮಗುವನ್ನು ಕಟ್ಟುವ ಬೆಲ್ಟ್ ಮರೆತುಹೋಗುತ್ತದೆ.

ಹೌದು, ಹಿಮ್ಮುಖದಲ್ಲಿ ಬೆಲ್ಟ್ ಹೆಗಲಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ. ಮುಮ್ಮುಖದಲ್ಲಿ ಹೆಗಲಿನ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲೆ. ಕಾರಣ ತಿಳಿದರೆ ಮರೆಯುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಕಾರು ಮುಂದಿನಿಂದ ಗುದ್ದಿತು ಅಂದುಕೊಳ್ಳಿ. ಕಾರು ನಿಂತರೂ ಒಳಗಿರುವವರ ದೇಹ ಕಾರಿನ ಮುಂಭಾಗದ ಕಡೆಗೇ ಹೋಗುತ್ತಿರುತ್ತದೆ. ಹಿಮ್ಮುಖ ಸೀಟಿನಲ್ಲಿ ಆ ಕಡೆಗೆ ಇರುವುದು ಸೀಟಿನ ಬೆನ್ನು. ಮಗು ಅದಕ್ಕೆ ಒತ್ತಿಕೊಳ್ಳುತ್ತದೆ, ತಲೆ, ಕತ್ತು, ಬೆನ್ನು ಮೂರಕ್ಕೂ ಒಟ್ಟಿಗೆ ಆಸರೆ ಸಿಗುತ್ತದೆ. ಆದರೆ ಸೀಟಿನ ಬೆನ್ನು ಓರೆಯಾಗಿರುತ್ತದೆ ಅಲ್ವಾ? ಆದ್ದರಿಂದ ಮಗು ಅದರ ಮೇಲೆ ತಲೆಯ ಕಡೆಗೆ, ಅಂದರೆ ಮೇಲಕ್ಕೆ ಜಾರಲು ನೋಡುತ್ತದೆ. ಹೆಗಲಿಗಿಂತ ಕೆಳಗಿನಿಂದ ಬಂದ ಬೆಲ್ಟ್ ಹೆಗಲಿನ ಮೇಲೆ ಹಾದು ಮಗುವನ್ನು ಕೆಳಗೆ ಹಿಡಿದಿಡುತ್ತದೆ. ಬೆಲ್ಟ್ ಹೆಗಲಿಗಿಂತ ಮೇಲಿನಿಂದ ಬಂದರೆ ಹೆಗಲಿಗೂ ಕಿಂಡಿಗೂ ನಡುವೆ ಅಂತರ ಇರುತ್ತದೆ. ಅಷ್ಟು ದೂರ ಮಗು ಜಾರಿದ ಮೇಲೆಯೇ ಬೆಲ್ಟ್ ಹಿಡಿಯುವುದು.

ಮುಮ್ಮುಖದಲ್ಲಿ ಮಗು ಸೀಟಿನ ಬೆನ್ನು ಬಿಟ್ಟು ಮುಂದಕ್ಕೆ ಎಗರುತ್ತದೆ. ಆಗ ಬೆಲ್ಟ್ ಹೆಗಲನ್ನು ಹಿಂದಕ್ಕೆ ಎಳೆದು ಹಿಡಿಯಬೇಕು. ಕಿಂಡಿ ಹೆಗಲಿನ ಮಟ್ಟದಲ್ಲೋ ಮೇಲೋ ಇದ್ದರೆ ಎಳೆತ ನೇರ ಹಿಂದಕ್ಕೆ. ಕಿಂಡಿ ಕೆಳಗಿದ್ದರೆ ಬೆಲ್ಟ್ ಹೆಗಲನ್ನು ಕೆಳಕ್ಕೆ ಜಗ್ಗುತ್ತದೆ, ಆ ಭಾರ ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಜೊತೆಗೆ ತಲೆ ಇನ್ನಷ್ಟು ಮುಂದೆ ಹೋಗುತ್ತದೆ.

ನಿಮ್ಮ ಮಗ ಕೈ ಹೊರಗೆ ತೆಗೆಯುವುದಕ್ಕೂ ಇದು ಒಂದು ಕಾರಣ ಇರಬಹುದು. ಕೆಳಗಿನಿಂದ ಸುತ್ತಿ ಬರುವ ಬೆಲ್ಟ್ ಹೆಗಲಿನ ಮೇಲೆ ಸರಿಯಾಗಿ ಕೂರುವುದಿಲ್ಲ.

ಒಂದು ಎಚ್ಚರಿಕೆ. ಕೆಲವು ಸೀಟುಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಮುಮ್ಮುಖಕ್ಕೆ ಎಲ್ಲಕ್ಕಿಂತ ಮೇಲಿನ ಕಿಂಡಿಯನ್ನೇ ಬಳಸಬೇಕು ಅಂತ ಇರುತ್ತದೆ. ಆ ಒಂದು ಕಿಂಡಿಗೆ ಮಾತ್ರ ಗಟ್ಟಿ ಆಧಾರ ಕೊಟ್ಟಿರುತ್ತಾರೆ. ನಿಮ್ಮ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ನಾನು ಹೇಳಿದ್ದಕ್ಕೂ ಅದಕ್ಕೂ ವ್ಯತ್ಯಾಸ ಕಂಡರೆ ನನ್ನ ಮಾತು ಬಿಡಿ, ಅದನ್ನು ಪಾಲಿಸಿ.

ಭೌತಶಾಸ್ತ್ರ ಮೇಷ್ಟ್ರು

ಬೆಲ್ಟ್ ಸ್ವಲ್ಪ ಸಡಿಲ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ತರಗತಿಯಲ್ಲಿ ಮಕ್ಕಳಿಗೆ ಇದನ್ನೇ ಮಾಡಿಸುತ್ತೇನೆ.

ಗಂಟೆಗೆ 50 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. 10 ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಇರುವ ವೇಗವೂ ಅಷ್ಟೇ. ಈಗ ಕಾರಿನ ಮುಂಭಾಗ ನುಗ್ಗಾಗಿ, ಬೆಲ್ಟ್ ಸ್ವಲ್ಪ ಹಿಗ್ಗಿ, ಮಗುವಿಗೆ ನಿಲ್ಲಲು ಒಟ್ಟು ಅರ್ಧ ಮೀಟರ್ ದೂರ ಸಿಕ್ಕಿತು ಅಂತಿಟ್ಟುಕೊಳ್ಳಿ. ಲೆಕ್ಕ ಮಾಡಿದರೆ ದೇಹದ ಮೇಲೆ ಬೀಳುವ ಬಲ ಅದರ ತೂಕದ 20 ಪಟ್ಟು. 15 ಕಿಲೋ ಮಗುವಿಗೆ 300 ಕಿಲೋ. ತೊಡೆಯ ಮೇಲೆ ಕೂರಿಸಿಕೊಂಡು ಕೈಯಲ್ಲಿ ಹಿಡಿಯುತ್ತೇನೆ ಅನ್ನುವವರು ಈ ಸಂಖ್ಯೆ ನೋಡಬೇಕು.

ಬೆಲ್ಟ್ ಬಿಗಿಯಾಗಿದ್ದರೆ ಕಾರು ನಿಧಾನ ಆಗಲು ಶುರುವಾದ ಕ್ಷಣದಿಂದಲೇ ಮಗುವೂ ನಿಧಾನ ಆಗುತ್ತದೆ. ಸಡಿಲ ಇದ್ದರೆ ಅಷ್ಟು ಹೊತ್ತು ಮಗು ಪೂರ್ತಿ ವೇಗದಲ್ಲೇ ಮುಂದೆ ಹೋಗುತ್ತಿರುತ್ತದೆ. ಆ ಅರ್ಧ ಮೀಟರಿನಲ್ಲಿ 10 ಸೆಂಟಿಮೀಟರ್ ಹಾಗೆ ಕಳೆದುಹೋದರೆ, ಉಳಿದ 40 ಸೆಂಟಿಮೀಟರಿನಲ್ಲಿ ನಿಲ್ಲಬೇಕು. ಬಲ 20 ಪಟ್ಟಿನಿಂದ 25 ಪಟ್ಟಿಗೆ ಏರುತ್ತದೆ. ಜೊತೆಗೆ ತಲೆ ಮುಂದಿನ ಸೀಟಿಗೆ ಅಷ್ಟು ಹತ್ತಿರ ಹೋಗಿರುತ್ತದೆ.

ತಿರುಚಿದ ಬೆಲ್ಟಿಗೂ ಇದೇ ಮಾತು. ಬೆಲ್ಟ್ ಅಗಲವಾಗಿ ಕೂತರೆ ಬಲ ಅಗಲವಾಗಿ ಹಂಚಿಹೋಗುತ್ತದೆ. ಹಗ್ಗದ ಹಾಗೆ ತಿರುಚಿಕೊಂಡಿದ್ದರೆ ಅದೇ 300 ಕಿಲೋ ಒಂದು ಸಣ್ಣ ಗೆರೆಯ ಮೇಲೆ ಬೀಳುತ್ತದೆ.

ಪುಟಾಣಿಯ ತಾತ

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಬೆಳೆಸಿದ್ದೇವೆ. ಮೇಷ್ಟ್ರ ಲೆಕ್ಕ ಓದಿ ಮನಸ್ಸಿಗೆ ಕಸಿವಿಸಿ ಆಯಿತು. ಮೊಮ್ಮಗಳಿಗೆ ಎರಡೂವರೆ ವರ್ಷ. ವಾರದಲ್ಲಿ ಮೂರು ದಿನ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಮಗಳು ಬೆಲ್ಟನ್ನು ತುಂಬಾ ಬಿಗಿ ಮಾಡುತ್ತಾಳೆ. ಮಗು ಮುಖ ಸಣ್ಣ ಮಾಡಿದರೆ ನನಗೆ ತಡೆಯಲಾಗುವುದಿಲ್ಲ, ಸ್ವಲ್ಪ ಸಡಿಲ ಮಾಡುತ್ತೇನೆ. ನಿದ್ದೆ ಬಂದರೆ ಕ್ಲಿಪ್ಪನ್ನೂ ಬಿಚ್ಚುತ್ತೇನೆ, ಉಸಿರಾಡಲು ಹಗುರ ಆಗಲಿ ಅಂತ. ಇದು ತಪ್ಪಾ? ಅಷ್ಟು ಬಿಗಿ ಮಾಡಿದರೆ ಮಗುವಿಗೆ ನೋವಾಗುವುದಿಲ್ಲವೇ?

ಮಕ್ಕಳ ವಾರ್ಡ್ ನರ್ಸ್

ತಾತ, ನೀವು ಕೇಳಿದ್ದು ಒಳ್ಳೆಯದಾಯಿತು. ಬಹಳ ಮನೆಗಳಲ್ಲಿ ಇದು ನಡೆಯುತ್ತದೆ, ಪ್ರೀತಿಯಿಂದಲೇ ನಡೆಯುತ್ತದೆ.

ಬಿಗಿ ಅಂದರೆ ಚರ್ಮ ಒತ್ತಿ ಗುರುತು ಬೀಳುವಷ್ಟಲ್ಲ. ಬೆಲ್ಟ್ ಮೈಗೆ ಸರಿಯಾಗಿ ಅಂಟಿಕೊಂಡಿರಬೇಕು, ನಡುವೆ ಜೋಲು ಬೀಳಬಾರದು, ಅಷ್ಟೇ. ಮೇಲೆ ಹೇಳಿದ ಹಾಗೆ ಚಿವುಟಿದರೆ ಮಡಿಕೆ ಸಿಗಬಾರದು. ಮಗು ಆರಾಮಾಗಿ ಉಸಿರಾಡುತ್ತದೆ. ಮಗು ಮುಖ ಸಣ್ಣ ಮಾಡಿದಾಗ ಸಡಿಲ ಮಾಡುವ ಬದಲು ಬೇರೆ ಏನಾದರೂ ಒತ್ತುತ್ತಿದೆಯಾ ನೋಡಿ. ಬಕಲ್ ತೊಡೆಯ ಚರ್ಮ ಹಿಡಿದಿರಬಹುದು, ಬೆಲ್ಟ್ ತಿರುಚಿರಬಹುದು, ಬೆನ್ನ ಹಿಂದೆ ಅಂಗಿ ಮುದ್ದೆಯಾಗಿರಬಹುದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಕಲ್ಲಿನ ಲೋಹ ಕಾದಿರುತ್ತದೆ, ಕೂರಿಸುವ ಮೊದಲು ಮುಟ್ಟಿ ನೋಡಿ.

ನಿದ್ದೆಯಲ್ಲಿ ಕ್ಲಿಪ್ ಬಿಚ್ಚುವುದನ್ನು ದಯವಿಟ್ಟು ನಿಲ್ಲಿಸಿ. ಇದು ಕೈ ಮುಗಿದು ಹೇಳುವ ಮಾತು. ಅರ್ಧ ಬಿಚ್ಚಿದ ಬೆಲ್ಟಿನಲ್ಲಿ ಮಗು ಕೆಳಗೆ ಜಾರಿದರೆ ಬೆಲ್ಟ್ ಕತ್ತಿಗೆ ಬರುತ್ತದೆ. ನಿದ್ದೆಯಲ್ಲಿರುವ ಮಗು ಕೂಗುವುದಿಲ್ಲ, ಮುಂದೆ ಕೂತು ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ. ಉಸಿರಾಟಕ್ಕೆ ತೊಂದರೆ ಮಾಡುವುದು ಬಿಗಿಯಾದ ಬೆಲ್ಟಲ್ಲ. ಜಾರಿ ಕೂತ ಮೈ, ಗದ್ದ ಎದೆಗೆ ಬಿದ್ದ ತಲೆ, ಅವೇ ಅಪಾಯ. ಸರಿಯಾಗಿ ಕಟ್ಟಿದ ಬೆಲ್ಟ್ ಮೈಯನ್ನು ನೆಟ್ಟಗೆ ಹಿಡಿದು ಇದನ್ನು ತಪ್ಪಿಸುತ್ತದೆ. ಊರು ತಲುಪಿದ ಮೇಲೆ ಮಗುವನ್ನು ಸೀಟಿನಿಂದ ಎತ್ತಿ ಚಪ್ಪಟೆ ಹಾಸಿಗೆಯಲ್ಲಿ ಮಲಗಿಸಿ, ಸೀಟಿನಲ್ಲೇ ಬಿಡಬೇಡಿ.

ಮಕ್ಕಳ ಮೈ ದೊಡ್ಡವರ ಮೈಯ ಸಣ್ಣ ರೂಪ ಅಲ್ಲ. ಹುಟ್ಟಿದ ಮಗುವಿನ ತಲೆ ಅದರ ಒಟ್ಟು ಉದ್ದದ ಕಾಲು ಭಾಗ ಇರುತ್ತದೆ. ಕತ್ತಿನ ಎಲುಬುಗಳು ಇನ್ನೂ ಪೂರ್ತಿ ಕೂಡಿಕೊಂಡಿರುವುದಿಲ್ಲ, ನಡುವೆ ಮೆತ್ತನೆಯ ಮೃದ್ವಸ್ಥಿ ಇರುತ್ತದೆ. ಭಾರದ ತಲೆ, ಎಳೆಯ ಕತ್ತು. ಅದಕ್ಕೇ ಸೀಟಿನ ಮಿತಿ ಮುಗಿಯುವ ತನಕ ಹಿಮ್ಮುಖವಾಗಿ ಕೂರಿಸಿ ಅನ್ನುವುದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ವಯಸ್ಸಿನ ಗೆರೆಯನ್ನೇ ತೆಗೆದು, ಸೀಟಿನ ತೂಕ ಮತ್ತು ಎತ್ತರದ ಮಿತಿಯನ್ನೇ ನೋಡಿ ಅಂದಿತು. ಚಿನ್ನುವಿನ ಅಮ್ಮ ಮೂರು ವರ್ಷ ದಾಟುವ ತನಕ ಹಿಮ್ಮುಖ ಇಟ್ಟಿದ್ದಾರೆ, ಅದು ತುಂಬಾ ಒಳ್ಳೆಯ ಕೆಲಸ.

ಚಳಿಗೆ ದಪ್ಪ ಜಾಕೆಟ್ ಹಾಕಿ ಬೆಲ್ಟ್ ಕಟ್ಟುವವರಿಗೂ ಒಂದು ಮಾತು. ಹತ್ತಿ ತುಂಬಿದ ಜಾಕೆಟ್ ಒಳಗೆ ಬರೀ ಗಾಳಿ. ಗುದ್ದಿದಾಗ ಅದು ಚಪ್ಪಟೆಯಾಗಿ ಬೆಲ್ಟ್ ಸಡಿಲ ಆಗುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಜಾಕೆಟ್ ಹಾಕಿ ಬೆಲ್ಟ್ ಬಿಗಿ ಮಾಡಿ. ಬೆಲ್ಟಿನ ಅಳತೆ ಬದಲಾಯಿಸದೆ ಮಗುವನ್ನು ಇಳಿಸಿ, ಜಾಕೆಟ್ ತೆಗೆದು ಮತ್ತೆ ಕೂರಿಸಿ ಬಕಲ್ ಹಾಕಿ. ಈಗ ಚಿವುಟಿದರೆ ಎಷ್ಟು ಬೆಲ್ಟ್ ಕೈಗೆ ಬರುತ್ತದೆ ನೋಡಿ. ತೆಳು ಬಟ್ಟೆಯಲ್ಲಿ ಬೆಲ್ಟ್ ಕಟ್ಟಿ, ಮೇಲೆ ಹೊದಿಕೆ ಹೊದಿಸುವುದೇ ಸರಿ.

ಹೊಸ ಅಮ್ಮ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಗಳಿಗೆ 11 ದಿನ. ಎಲ್ಲಕ್ಕಿಂತ ಕೆಳಗಿನ ಕಿಂಡಿಯಲ್ಲಿ ಬೆಲ್ಟ್ ಹಾಕಿದ್ದೇವೆ, ಆದರೂ ಅದು ಅವಳ ಹೆಗಲಿಗಿಂತ ಮೇಲಿದೆ. ಹಿಮ್ಮುಖದಲ್ಲಿ ಕೆಳಗಿರಬೇಕು ಅಂತ ಓದಿ ಭಯ ಆಯಿತು. ತಲೆಯೂ ಒಂದು ಕಡೆಗೆ ವಾಲುತ್ತದೆ. ಅವಳ ಕೆಳಗೆ ಟವೆಲ್ ಮಡಚಿ ಇಟ್ಟು ಎತ್ತರ ಮಾಡಬಹುದಾ?

ಸೀಟ್ ನೋಡುವವಳು

ಟವೆಲ್ ಅವಳ ಕೆಳಗೆ ಅಥವಾ ಬೆನ್ನ ಹಿಂದೆ ಬೇಡಮ್ಮ. ಅದೂ ದಪ್ಪ ಜಾಕೆಟ್ಟಿನ ಹಾಗೆಯೇ ಚಪ್ಪಟೆಯಾಗುತ್ತದೆ.

ಮೊದಲು ಸೀಟಿನ ಡಬ್ಬದಲ್ಲಿ ಎಳೆ ಮಗುವಿನ ಮೆತ್ತೆ ಬಂದಿತ್ತಾ ನೋಡಿ. ಕೆಲವು ಸೀಟಿನಲ್ಲಿ ಆ ಮೆತ್ತೆ ಮಗುವನ್ನು ಒಂದೆರಡು ಸೆಂಟಿಮೀಟರ್ ಮೇಲೆತ್ತುವುದಕ್ಕೇ ಇರುತ್ತದೆ. ಯಾವ ತೂಕದ ತನಕ ಬಳಸಬೇಕು ಅನ್ನುವುದು ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅದನ್ನು ಹಾಕಿದ ಮೇಲೂ ಹೆಗಲು ಕಿಂಡಿಗಿಂತ ಕೆಳಗೇ ಇದ್ದರೆ ಆ ಸೀಟು ಇನ್ನೂ ಅವಳಿಗೆ ದೊಡ್ಡದು. ಕಿಂಡಿ ಇನ್ನೂ ಕೆಳಗಿರುವ, ಎಳೆ ಕೂಸಿಗೆಂದೇ ಇರುವ ಸೀಟು ಬೇಕಾಗುತ್ತದೆ.

ತಲೆಗೆ, ಅವಳನ್ನು ಪೂರ್ತಿ ಕಟ್ಟಿ ಬಿಗಿ ಮಾಡಿದ ಮೇಲೆ, ಎರಡು ಸಣ್ಣ ಬಟ್ಟೆಯನ್ನು ಸುರುಳಿ ಮಾಡಿ ತಲೆಯ ಅಕ್ಕಪಕ್ಕ ಇಡಬಹುದು, ನಿಮ್ಮ ಸೀಟಿನ ಮ್ಯಾನ್ಯುಯಲ್ ಒಪ್ಪಿದರೆ. ತಲೆ ಮುಂದಕ್ಕೆ ಬಿದ್ದು ಗದ್ದ ಎದೆಗೆ ತಾಗುತ್ತಿದ್ದರೆ ಅದು ಬೇರೆ ವಿಷಯ, ಸೀಟು ತುಂಬಾ ನೆಟ್ಟಗಿದೆ ಅಂತ ಅರ್ಥ. ಸೀಟಿನ ಪಕ್ಕದಲ್ಲಿ ಓರೆ ತೋರಿಸುವ ಗೆರೆಯೋ ಗುಳ್ಳೆಯೋ ಇರುತ್ತದೆ, ಅದನ್ನು ನೋಡಿ ಸರಿಮಾಡಿ. ಅಷ್ಟು ಎಳೆ ಮಗುವಿಗೆ ಇದು ತುಂಬಾ ಮುಖ್ಯ.

ದೂರದ ಪಯಣಿಗ

ನಾವು ಯುರೋಪಿನಲ್ಲಿದ್ದೇವೆ. ನಮ್ಮ ಸೀಟಿನಲ್ಲಿ ಎದೆಯ ಕ್ಲಿಪ್ಪೇ ಇಲ್ಲ! ಕೊಡುವಾಗಲೇ ಕಳೆದುಹೋಗಿದೆಯಾ ಅಂತ ಗಾಬರಿ ಆಗುತ್ತಿದೆ.

ಅವಳಿಗಳ ಅಪ್ಪ

ಗಾಬರಿ ಬೇಡ ಸರ್. ಅಲ್ಲಿನ ಸೀಟುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಅಪಘಾತವಾದಾಗ ಯಾರಾದರೂ ಒಂದೇ ಸಲಕ್ಕೆ ಬಕಲ್ ಒತ್ತಿ ಮಗುವನ್ನು ಹೊರಗೆ ತೆಗೆಯುವಂತಿರಬೇಕು ಅನ್ನುವುದು ಅಲ್ಲಿನ ನಿಯಮದ ಯೋಚನೆ. ಕ್ಲಿಪ್ ಜಾಸ್ತಿ ಕಾಣುವುದು ಅಮೆರಿಕ, ಕೆನಡಾ ಸೀಟುಗಳಲ್ಲಿ. ನಿಮ್ಮ ಸೀಟಿಗೆ ಹೊರಗಿನಿಂದ ಕ್ಲಿಪ್ ತಂದು ಹಾಕಬೇಡಿ. ಬೆಲ್ಟ್ ಎತ್ತರ ಮತ್ತು ಬಿಗಿ ಸರಿ ಇದ್ದರೆ ಹೆಗಲಿನಿಂದ ಜಾರುವುದಿಲ್ಲ. ಸೀಟಿನ ಮೇಲೆ ಆರ್ 129 ಅಂತ ಬರೆದಿದೆಯಾ ನೋಡಿ. ಅದು 2013ರಲ್ಲಿ ಜಾರಿಗೆ ಬಂದ ನಿಯಮ, ಅದರ ಪ್ರಕಾರ 15 ತಿಂಗಳು ತುಂಬುವ ತನಕ ಹಿಮ್ಮುಖವೇ ಆಗಬೇಕು.

ಭೌತಶಾಸ್ತ್ರ ಮೇಷ್ಟ್ರು

ಹಿಮ್ಮುಖದ ಮಾತು ಬಂದದ್ದಕ್ಕೆ ಒಂದು ಸಣ್ಣ ವಿಷಯ ಸೇರಿಸುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ಹಿಮ್ಮುಖ ಸೀಟಿನ ಮೊದಲ ಮಾದರಿಯನ್ನು 1964ರಲ್ಲಿ ಮಾಡಿದವರು ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್. ಅಮೆರಿಕದ ಜೆಮಿನಿ ನೌಕೆಯ ಗಗನಯಾತ್ರಿಗಳು ರಾಕೆಟ್ ಮೇಲೇರುವಾಗ ಬೆನ್ನು ಒರಗಿಸಿ ಮಲಗಿದಂತೆ ಕೂರುವುದನ್ನು ನೋಡಿ ಅವರಿಗೆ ಈ ಯೋಚನೆ ಹೊಳೆಯಿತು. ಬಲವನ್ನೆಲ್ಲ ಬೆನ್ನಿನ ಮೇಲೆ ಹರಡಿಬಿಡುವ ಅದೇ ಉಪಾಯ ಈಗ ಎಳೆ ಮಕ್ಕಳನ್ನು ಕಾಯುತ್ತಿದೆ.

ಚಿನ್ನುವಿನ ಅಮ್ಮ

ಈಗಷ್ಟೇ ಎರಡೂ ಬೆಲ್ಟನ್ನು ಮೇಲಿನ ಕಿಂಡಿಗೆ ಹಾಕಿದೆ. ಮ್ಯಾನ್ಯುಯಲ್ ಪಕ್ಕದಲ್ಲಿ ಇಟ್ಟುಕೊಂಡೇ ಮಾಡಿದೆ. ಮುಮ್ಮುಖಕ್ಕೆ ಮೇಲಿನ ಎರಡು ಕಿಂಡಿ ಮಾತ್ರ ಅಂತ ಅದರಲ್ಲಿದೆ, ಆ ಎರಡರಲ್ಲಿ ಕೆಳಗಿನದಕ್ಕೆ ಹಾಕಿದರೆ ಬೆಲ್ಟ್ ಅವನ ಹೆಗಲಿಗಿಂತ ಒಂದು ಬೆರಳು ಮೇಲೆ ಬರುತ್ತದೆ. ಬಕಲ್ಲಿನ ಪಟ್ಟಿಯನ್ನೂ ಒಂದು ಹೆಜ್ಜೆ ಮುಂದಕ್ಕೆ ಹಾಕಿದೆ, ಮೊದಲು ಅವನು ಅದರ ಮೇಲೇ ಕೂರುತ್ತಿದ್ದ. ಸೊಂಟದ ಸಡಿಲ ಮೊದಲು ಎಳೆದೆ. ತುಂಬಾ ವ್ಯತ್ಯಾಸ ಇದೆ, ಕ್ಲಿಪ್ ನಿಂತಲ್ಲೇ ನಿಲ್ಲುತ್ತದೆ.

ಆದರೆ ಬಲಗಡೆ ಈಗಲೂ ಸಡಿಲ. ಎಡಗಡೆ ಚಿವುಟಿದರೆ ಏನೂ ಸಿಗುವುದಿಲ್ಲ, ಬಲಗಡೆ ಒಂದು ಮಡಿಕೆ ಪೂರ್ತಿ ಸಿಗುತ್ತದೆ. ಏನು ಮಾಡಲಿ?

ಅವಳಿಗಳ ಅಪ್ಪ

ಹಾಗಾದರೆ ಸೀಟಿನ ಬೆನ್ನ ಹಿಂದೆ ನೋಡಬೇಕು. ಕಾರಿನಿಂದ ಸೀಟು ಬಿಚ್ಚಿ ಹೊರಗೆ ತನ್ನಿ, ಕಾರಿನೊಳಗೇ ಬಗ್ಗಿ ನೋಡಿದರೆ ಕಾಣುವುದಿಲ್ಲ.

ಹಿಂದೆ ಒಂದು ಸಣ್ಣ ಲೋಹದ ಕೊಂಡಿ ಇರುತ್ತದೆ. ಎರಡೂ ಹೆಗಲ ಬೆಲ್ಟಿನ ತುದಿಯ ಕುಣಿಕೆಗಳು ಅದರ ಎರಡು ಕೈಗೆ ಸಿಕ್ಕಿಸಿರುತ್ತವೆ, ಕೆಳಗಿನಿಂದ ಬರುವ ಒಂದೇ ಪಟ್ಟಿ ಅದನ್ನು ಎಳೆಯುತ್ತದೆ. ನೀವು ಮುಂದೆ ಎಳೆಯುವುದು ಅದೇ ಪಟ್ಟಿ. ಒಂದೇ ಪಟ್ಟಿ ಎರಡು ಬೆಲ್ಟನ್ನೂ ಸಮವಾಗಿ ಎಳೆಯಬೇಕು. ಒಂದು ಕಡೆ ಮಾತ್ರ ಸಡಿಲ ಅಂದರೆ ಎರಡು ಬೆಲ್ಟಿನ ಉದ್ದ ಸಮ ಇಲ್ಲ, ಅಥವಾ ಒಂದು ಎಲ್ಲೋ ಸಿಕ್ಕಿಕೊಂಡಿದೆ.

ಇದನ್ನು ನೋಡಿ. ಕುಣಿಕೆ ಕೊಂಡಿಯೊಳಗೆ ಪೂರ್ತಿ ಕೂತಿದೆಯಾ, ಅಂಚಿನಲ್ಲಿ ನಿಂತಿದೆಯಾ? ಎರಡೂ ಬೆಲ್ಟ್ ಒಂದೇ ಮಟ್ಟದ ಕಿಂಡಿಯಿಂದ ಬಂದಿವೆಯಾ? ಹಿಂದೆ ಅಡ್ಡಕ್ಕೆ ಕಂಬಿ ಇದ್ದರೆ ಎರಡೂ ಅದರ ಒಂದೇ ಬದಿಯಿಂದ ಹಾದುಹೋಗಿವೆಯಾ? ಇನ್ನೊಂದು, ಕೆಲವು ಸೀಟಿನ ಬೆಲ್ಟಿನ ತುದಿಯಲ್ಲಿ ಎರಡೆರಡು ಕುಣಿಕೆ ಹೊಲಿದಿರುತ್ತಾರೆ, ಸಣ್ಣ ಮಗುವಿಗೆ ಒಂದು, ದೊಡ್ಡ ಮಗುವಿಗೆ ಒಂದು. ಒಂದು ಕಡೆ ಮೊದಲನೆಯದು, ಇನ್ನೊಂದು ಕಡೆ ಎರಡನೆಯದು ಸಿಕ್ಕಿಸಿದರೆ ನಿಮಗೆ ಆಗುತ್ತಿರುವುದೇ ಆಗುತ್ತದೆ. ನನ್ನ ಒಬ್ಬ ಮಗಳ ಸೀಟಿನಲ್ಲಿ ಇದು ಆಗಿತ್ತು. ಪಕ್ಕದಲ್ಲೇ ಅದೇ ಥರದ ಇನ್ನೊಂದು ಸೀಟು ಇದ್ದದ್ದರಿಂದ ಗೊತ್ತಾಯಿತು.

ಚಿನ್ನುವಿನ ಅಮ್ಮ

ಅವಳಿಗಳ ಅಪ್ಪ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಎರಡು ಕುಣಿಕೆ ಇವೆ! ಎಡಗಡೆ ಒಳಗಿನ ಕುಣಿಕೆ ಸಿಕ್ಕಿಸಿದೆ, ಬಲಗಡೆ ತುದಿಯದು. ಬಲಗಡೆ ಬೆಲ್ಟ್ ಅಷ್ಟು ಉದ್ದ ಉಳಿದಿದೆ. ಕಿಂಡಿ ಬದಲಾಯಿಸುವಾಗಲೂ ನಾನು ಇದ್ದ ಕುಣಿಕೆಯನ್ನೇ ವಾಪಸ್ ಸಿಕ್ಕಿಸಿದ್ದೆ, ಗಮನಿಸಲೇ ಇಲ್ಲ.

ಇದು ಯಾವಾಗ ಆಯಿತು ಅಂತ ಯೋಚಿಸಿದೆ. ತಿರುಗಿಸುವ ಹಿಂದಿನ ದಿನ ಕವರ್ ಕೊಳೆಯಾಗಿದೆ ಅಂತ ಎಲ್ಲ ಬಿಚ್ಚಿ ತೊಳೆದಿದ್ದೆ. ಬೆಲ್ಟನ್ನೂ ಬಿಚ್ಚಿ ಕವರ್ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕಿದ್ದೆ. ವಾಪಸ್ ಹಾಕುವಾಗ ಕುಣಿಕೆ ತಪ್ಪಿರಬೇಕು. ಈಗ ಎರಡೂ ಒಂದೇ ಕುಣಿಕೆ, ಎರಡೂ ಕಡೆ ಬಿಗಿ ಒಂದೇ ಥರ ಇದೆ.

ಸೀಟ್ ನೋಡುವವಳು

ತೊಂದರೆ ಸಿಕ್ಕಿದ್ದು ಬಹಳ ಸಂತೋಷ. ಆದರೆ ಈ ಮಾತು ಹೇಳದೆ ಇರಲಾರೆ. ಬೆಲ್ಟನ್ನು ಮೆಷಿನ್ನಿಗೆ ಹಾಕಿದ್ದೀರಿ ಅಂದಿರಿ. ಸಾಮಾನ್ಯವಾಗಿ ಎಲ್ಲ ತಯಾರಕರೂ ಇದನ್ನು ಬೇಡ ಅನ್ನುತ್ತಾರೆ. ಸೋಪಿನ ಪುಡಿ, ಬ್ಲೀಚು, ಮೆಷಿನ್ನಿನ ತಿರುವು, ಇವೆಲ್ಲ ಬೆಲ್ಟಿನ ನೂಲನ್ನು ದುರ್ಬಲ ಮಾಡಬಹುದು. ನೋಡಲು ಹೊಸದರಂತೆಯೇ ಕಾಣುತ್ತದೆ, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ, ಬೇಕಾದರೆ ಸ್ವಲ್ಪ ಮೆದು ಸೋಪಿನಲ್ಲಿ, ಒರೆಸುವುದು ಮಾತ್ರ ಸರಿ. ಬಕಲ್ ಸಿಕ್ಕಿಕೊಳ್ಳುತ್ತಿದ್ದರೆ ಎಣ್ಣೆ ಹಾಕಬೇಡಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಹಾಗೆ ಬರೀ ನೀರಿನಲ್ಲಿ ತೊಳೆಯಿರಿ.

ಸೀಟಿನ ಹಿಂದಿನ ಚೀಟಿಯಲ್ಲಿ ಮಾಡೆಲ್ ನಂಬರ್, ತಯಾರಾದ ದಿನಾಂಕ ಇರುತ್ತದೆ. ಅದನ್ನು ಹೇಳಿ ತಯಾರಕರಿಂದಲೇ ಹೊಸ ಬೆಲ್ಟ್ ತರಿಸಿ. ಬೇರೆ ಕಂಪನಿಯ ಬೆಲ್ಟ್ ಬೇಡ. ಆ ಚೀಟಿಯಲ್ಲಿ ಸೀಟಿನ ಅವಧಿ ಮುಗಿಯುವ ದಿನವೂ ಇರಬಹುದು, ಅದನ್ನೂ ನೋಡಿಕೊಳ್ಳಿ.

ಚಿನ್ನುವಿನ ಅಮ್ಮ

ಓದಿ ಅಳು ಬಂತು. ಚೆನ್ನಾಗಿರಲಿ ಅಂತ ತೊಳೆದದ್ದೇ ತಪ್ಪಾಯಿತಲ್ಲ. ಆರು ವಾರದಲ್ಲಿ ಏನಾದರೂ ಆಗಿದ್ದಿದ್ದರೆ?

ಮಕ್ಕಳ ವಾರ್ಡ್ ನರ್ಸ್

ಆಗಿಲ್ಲ ತಂಗಿ. ಬಲಗಡೆ ಯಾಕೋ ಸರಿ ಇಲ್ಲ ಅಂತ ನಿನಗೆ ಅನ್ನಿಸಿತು, ಸುಮ್ನೆ ಬಿಡದೆ ಬಂದು ಕೇಳಿದೆ. ಅದರಿಂದಲೇ ಮೂರು ತಪ್ಪು ಒಂದೇ ದಿನ ಸಿಕ್ಕಿದವು. ಇವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡು.

ಹೊಸ ಅಮ್ಮ

ಮೆತ್ತೆ ಡಬ್ಬದ ತಳದಲ್ಲಿ, ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಹಾಕಿದ ಮೇಲೆ ಅವಳ ಹೆಗಲು ಸರಿಯಾಗಿ ಕಿಂಡಿಯ ಮಟ್ಟಕ್ಕೆ ಬಂತು. ಸೀಟಿನ ಓರೆಯೂ ಗೆರೆಗೆ ಸರಿ ಮಾಡಿದೆವು, ಗದ್ದ ಈಗ ಎದೆಗೆ ತಾಗುವುದಿಲ್ಲ. ನಾಳೆ ಅವಳ ಮೊದಲ ಚೆಕಪ್, ಧೈರ್ಯವಾಗಿ ಹೋಗುತ್ತೇವೆ.

ಚಿನ್ನುವಿನ ಅಮ್ಮ

ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ತಯಾರಕರು ಉತ್ತರ ಕೊಟ್ಟರು, ಹೊಸ ಬೆಲ್ಟ್ ಕಳಿಸುತ್ತಾರಂತೆ. ಅದು ಬರುವ ತನಕ ತಂಗಿಯ ಮಗಳ ಸೀಟು ತಂದಿದ್ದೇನೆ. ಅವರೇ ಹೊಸದಾಗಿ ಕೊಂಡದ್ದು, ಅಪಘಾತ ಕಂಡಿಲ್ಲ, ಅವಧಿ ಇನ್ನೂ ಇದೆ, ಬೆಲ್ಟ್ ತೊಳೆದಿಲ್ಲ. ಎಲ್ಲ ಕೇಳಿಯೇ ತಂದೆ. ಕಾರಿಗೆ ಕಟ್ಟುವ ಮೊದಲು ಬೆನ್ನ ಹಿಂದೆ ಕುಣಿಕೆ ನೋಡಿದೆ, ಅವನನ್ನು ಕೂರಿಸಿ ಕಿಂಡಿ ನೋಡಿದೆ.

ಚಿನ್ನು ಈಗೆಲ್ಲ ಅವನೇ ಕಾಲರ್ ಬೋನ್ ಹತ್ತಿರ ಚಿವುಟಿ ನೋಡಿಕೊಂಡು, ಸಿಗಲಿಲ್ಲ ಅಮ್ಮ ಅನ್ನುತ್ತಾನೆ. ಆಮೇಲೆಯೇ ಕಾರು ಹೊರಡಬೇಕು. ಕೈ ಒಂದು ಸಲವೂ ಹೊರಗೆ ಬಂದಿಲ್ಲ.

ಪುಟಾಣಿಯ ತಾತ

ಇಷ್ಟು ದಿನ ಓದುತ್ತಾ ಇದ್ದೆ. ಇವತ್ತು ಕನ್ನಡಕ ಹಾಕಿಕೊಂಡು, ಸೀಟು ಬಿಚ್ಚಿ ಹೊರಗೆ ತಂದು ಹಿಂದೆ ನೋಡಿದೆ. ಕುಣಿಕೆ ಎರಡೂ ಸರಿ ಇವೆ. ಆದರೆ ಎಡಗಡೆ ಬೆಲ್ಟ್ ಕೆಳಗಿನಿಂದ ಮೂರನೆಯ ಕಿಂಡಿಯಲ್ಲಿದೆ, ಬಲಗಡೆಯದು ಎರಡನೆಯದರಲ್ಲಿ. ಬಿಗಿ ಮಾಡಿದಾಗ ಮಗು ಮುಖ ಸಣ್ಣ ಮಾಡುತ್ತಿದ್ದದ್ದು ಇದಕ್ಕೇ ಇರಬೇಕು, ಬಲಗಡೆ ಹೆಗಲನ್ನು ಕೆಳಕ್ಕೆ ಜಗ್ಗುತ್ತಿತ್ತು. ನಾನು ಸಡಿಲ ಮಾಡುತ್ತಿದ್ದೆ.

ಮಗಳಿಗೆ ಫೋನ್ ಮಾಡಿದ್ದೇನೆ. ಸಂಜೆ ಅವಳು ಬಂದ ಮೇಲೆ ಇಬ್ಬರೂ ಮ್ಯಾನ್ಯುಯಲ್ ತೆಗೆದಿಟ್ಟುಕೊಂಡು ಸರಿ ಮಾಡುತ್ತೇವೆ. ಅಲ್ಲಿತನಕ ಮಗುವನ್ನು ಕಾರು ಹತ್ತಿಸುವುದಿಲ್ಲ.